ಕಂಠದಲ್ಲಿ ನಿಂತ ವಿಷ
(ಶ್ರೀ ಧನ್ವಂತರಿ ಜಯಂತಿಯ ನಿಮಿತ್ತ)

|| ಶ್ರೀ ಹರಿವಾಯುಗುರುಭ್ಯೋ ನಮಃ ||



ಆಶ್ವಯುಜ ಬಹುಳ ತ್ರಯೋದಶಿಯು ಶ್ರೀ ಧನ್ವಂತರಿ ಜಯಂತಿಯ ಪರ್ವದಿನ. ಮರುದಿನ ಬೆಳಗಿನ ಅಭ್ಯಂಗಕ್ಕಾಗಿ ಹಂಡೆಗೆ ನೀರು ತುಂಬುವ ಸಂಭ್ರಮದಲ್ಲಿ ಈ ಜಯಂತಿಯು ನಮ್ಮ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆದರೆ ಮನೆಯಲ್ಲಿ ಬಹುಕಾಲದ ರೋಗಿಯೊಬ್ಬರಿದ್ದರೆ ಆ ಮನೆಯವರು ಈ ದಿನವನ್ನು ಮರೆಯುವುದಿಲ್ಲ. ದೇವರ ಮುಂದೆ ಒಂದು ದೀಪವನ್ನು ಹೆಚ್ಚಾಗಿ ಹಚ್ಚಿ, ಹೆಸರು ಹೇಳಿ ಸಂಕಲ್ಪ ಮಾಡಿಸುತ್ತಾರೆ. ಅಂಥ ಮನೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಸಲದ ಉಪನ್ಯಾಸವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಶ್ರೀಮದ್ಭಾಗವತದ ಅಷ್ಟಮ ಸ್ಕಂಧದಲ್ಲಿ ಬರುವ ಸಮುದ್ರಮಥನದ ಕಥೆಯನ್ನು ಕೇಳದವರಿಲ್ಲ. ಅಮೃತಕಲಶವನ್ನು ಹಿಡಿದ ಧನ್ವಂತರಿರೂಪಿ ಪರಮಾತ್ಮನು ಆವಿರ್ಭವಿಸಿದ್ದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಆದರೆ ಆ ಕಥೆಯ ಕ್ರಮವನ್ನು ಗಮನಿಸುವುದು ಕಡಮೆ. ಮಥನದಲ್ಲಿ ಮೊದಲು ಮೇಲೆ ಬಂದದ್ದು ಅಮೃತವಲ್ಲ, ಹಾಲಾಹಲ ವಿಷ. ಕಾಮಧೇನು, ಐರಾವತ, ಕೌಸ್ತುಭ, ಪಾರಿಜಾತಗಳು ಬಂದವು. ಸಾಕ್ಷಾತ್ ಶ್ರೀಮಹಾಲಕ್ಷ್ಮೀದೇವಿಯರು ಬಂದರು. ಅವೆಲ್ಲ ಆದ ಮೇಲೆ, ಕಟ್ಟಕಡೆಗೆ ಧನ್ವಂತರಿಯ ಆಗಮನ. ವಿಷಕ್ಕೂ ಅಮೃತಕ್ಕೂ ನಡುವೆ ದೀರ್ಘಕಾಲವಿತ್ತು. ಆ ಕಾಲದಲ್ಲೆಲ್ಲ ದೇವತೆಗಳು ಹಗ್ಗವನ್ನು ಬಿಡದೆ ಎಳೆಯುತ್ತಲೇ ಇದ್ದರು.

ಆ ವಿಷವೇನಾಯಿತು? ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ತಿಳಿಸಿಕೊಟ್ಟಿರುವಂತೆ, ಅದನ್ನು ಪಾನಮಾಡಿ ಜೀರ್ಣಿಸಿಕೊಂಡವರು ಶ್ರೀ ಮುಖ್ಯಪ್ರಾಣದೇವರು. ಅದರ ಅಲ್ಪಭಾಗವನ್ನು ಸ್ವೀಕರಿಸಿದ ರುದ್ರದೇವರ ಕಂಠದಲ್ಲಿ ಅದು ನೀಲವರ್ಣದ ಗುರುತಾಗಿ ನಿಂತಿತು. ಲೋಕವನ್ನು ಸುಡಬಹುದಾಗಿದ್ದುದು ಕಂಠದಲ್ಲಿ ತಡೆಯಲ್ಪಟ್ಟಿತು; ಗುರುತು ಮಾತ್ರ ಉಳಿಯಿತು. ದೇವತೆಗಳ ಮಹಿಮೆಗೂ ನಮ್ಮ ಈ ಪಾಂಚಭೌತಿಕ ಶರೀರಕ್ಕೂ ಸಾಮ್ಯವನ್ನು ಹೇಳುವುದು ಸಾಹಸವೇ ಸರಿ. ಆದರೂ ವಿಷಯವು ಬುದ್ಧಿಗೆ ಹಿಡಿಯಲೆಂದು ಇದನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳುತ್ತೇವೆ. ಏಕೆಂದರೆ ನಾವಿಂದು ಹೇಳಹೊರಟಿರುವುದು ಕಂಠದಲ್ಲಿಯೇ ನಿಂತುಬಿಡುವ ಒಂದು ಗುರುತಿನ ವಿಚಾರ.

ಮನುಷ್ಯಶರೀರದಲ್ಲಿ ಅವರೆಕಾಳಿನ ಆಕಾರದ ನೂರಾರು ಸಣ್ಣ ಗ್ರಂಥಿಗಳಿವೆ. ವೈದ್ಯರು ಇವನ್ನು ದುಗ್ಧಗ್ರಂಥಿಗಳೆನ್ನುತ್ತಾರೆ. ಇವುಗಳಲ್ಲಿ ದೊಡ್ಡದೊಂದು ಪಾಲು ಕುತ್ತಿಗೆಯಲ್ಲಿಯೇ, ದವಡೆಯ ಕೆಳಗೆ, ಕಿವಿಯ ಹಿಂದೆ, ಕಂಠದ ಎರಡು ಪಕ್ಕಗಳಲ್ಲಿ ಸಾಲಾಗಿ ಇವೆ. ಮೂಗು, ಬಾಯಿ, ಗಂಟಲುಗಳ ಮೂಲಕ ಒಳಹೊಕ್ಕ ರೋಗಾಣುಗಳನ್ನು ದುಗ್ಧರಸದಿಂದ ಸೋಸಿ ತಡೆಯುವುದು ಇವುಗಳ ಕೆಲಸ. ಊರ ಬಾಗಿಲಿನ ಕಾವಲುಕಟ್ಟೆಗಳಿದ್ದಂತೆ. ಶತ್ರು ಬಂದಾಗ ಅಲ್ಲಿ ರಕ್ಷಕಕಣಗಳು ಹೆಚ್ಚುತ್ತವೆ. ಗ್ರಂಥಿ ಉಬ್ಬುತ್ತದೆ, ಮುಟ್ಟಿದರೆ ನೋಯುತ್ತದೆ. ಸಾಮಾನ್ಯವಾದ ಶೀತ-ಜ್ವರಗಳಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಉಬ್ಬು ಇಳಿಯುತ್ತದೆ. ಆದರೆ ಕೆಲವರಲ್ಲಿ ಹಾಗಾಗುವುದಿಲ್ಲ. ಜ್ವರ ಹೋಗುತ್ತದೆ, ಕಾವಲುಗಾರರು ಮಾತ್ರ ಕಟ್ಟೆಯಿಂದ ಇಳಿಯುವುದಿಲ್ಲ. ಜೊತೆಗೆ ಮೈಯೆಲ್ಲ ಸೋತಂತಿರುವ ಆಯಾಸ, ನಿದ್ರೆಯಿಂದ ಎದ್ದರೂ ವಿಶ್ರಾಂತಿಯಾಗದಿರುವುದು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು, ಇವು ತಿಂಗಳುಗಟ್ಟಲೆ ಉಳಿಯುತ್ತವೆ.

ಇದು ಹೊಸದಲ್ಲ. ಎಳೆಯರಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಉಬ್ಬಿಸಿ ವಾರಗಟ್ಟಲೆ ಮಲಗಿಸುವ ಗ್ರಂಥಿಜ್ವರವನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಅದಕ್ಕೆ ಸಾಮಾನ್ಯ ಕಾರಣವಾದ ಎಪ್‌ಸ್ಟೀನ್-ಬಾರ್ ವೈರಾಣುವು ಕಂಡುಬಂದದ್ದು 1964ರಲ್ಲಿ. ನಮ್ಮ ಮಲೆನಾಡಿನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಿಂದ 1957ರಲ್ಲಿ ಬೆಳಕಿಗೆ ಬಂದ ಮಂಗನ ಕಾಯಿಲೆಯಿಂದ ಗುಣವಾದವರು ವಾರಗಟ್ಟಲೆ ನಿಶ್ಶಕ್ತರಾಗಿದ್ದುದನ್ನು ಅಲ್ಲಿಯ ಹಿರಿಯರು ಕಂಡಿದ್ದಾರೆ. 2006ರ ಚಿಕುನ್‌ಗುನ್ಯದ ನಂತರ ಕೀಲುನೋವಿನಿಂದ ಅನೇಕ ತಿಂಗಳು ಮಣೆಯ ಮೇಲೆ ಕೂತು ಏಳಲಾರದವರು ನಮ್ಮ ಊರುಗಳಲ್ಲಿಯೇ ಇದ್ದರು. 2020ರಿಂದ ಜಗತ್ತನ್ನು ಕಾಡಿದ ಕೋವಿಡ್ ಜ್ವರದ ಮೇಲಂತೂ ಇಂತಹ ಶೇಷರೋಗವು ಎಲ್ಲ ದೇಶಗಳಲ್ಲಿಯೂ ಕಾಣಿಸಿಕೊಂಡಿತು. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದಕ್ಕೊಂದು ಲಕ್ಷಣವನ್ನು ಬರೆಯಬೇಕಾಯಿತು. ಜ್ವರ ಬಂದು ಸಾಮಾನ್ಯವಾಗಿ ಮೂರು ತಿಂಗಳಾದರೂ ಇರುವ, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೆ ಯಾವ ರೋಗದಿಂದಲೂ ವಿವರಿಸಲಾಗದ ತೊಂದರೆಗಳು ಎಂಬುದು ಅದರ ಸಾರ. ‘ವಿವರಿಸಲಾಗದ’ ಎಂಬ ಮಾತು ರೋಗದ ಲಕ್ಷಣದೊಳಗೇ ಸೇರಿಕೊಂಡಿರುವುದನ್ನು ಓದುಗರು ಗಮನಿಸಬೇಕು.

ಇದು ನಾವು ಪುಸ್ತಕದಿಂದ ಮಾತ್ರ ಅರಿತದ್ದಲ್ಲ. 2021ರ ವೈಶಾಖ ಮಾಸದಲ್ಲಿ ನಮಗೂ ಆ ಜ್ವರ ಬಂದಿತು. ಎರಡು ವಾರಗಳಲ್ಲಿ ಮೈಯ ಕಾವು ಇಳಿಯಿತು. ಆದರೆ ಎಡದವಡೆಯ ಕೆಳಗೆ ಹುಣಿಸೆಬೀಜದಷ್ಟು ಒಂದು ಗಂಟು, ಅದರ ಕೆಳಗೆ ಇನ್ನೊಂದು ಗಂಟು ಉಳಿದವು. ಗರ್ಭಗುಡಿಯ ಹೊಸ್ತಿಲಿಗೆ ಎರಡು ಕೊಡ ನೀರು ತಂದಿಟ್ಟರೆ ಮರುದಿನವೆಲ್ಲ ಚಾಪೆಯೇ ಗತಿಯಾಗುತ್ತಿತ್ತು. ಪುರುಷಸೂಕ್ತವನ್ನು ಹೇಳುವಾಗ ಅರ್ಧಕ್ಕೇ ಉಸಿರು ಸಾಲದಾಗುತ್ತಿತ್ತು. ರಕ್ತಪರೀಕ್ಷೆಯಾಯಿತು, ಎದೆಯ ಎಕ್ಸ್‌ರೇ ಆಯಿತು, ಕುತ್ತಿಗೆಯ ಸ್ಕ್ಯಾನ್ ಆಯಿತು, ಕೊನೆಗೆ ಗಂಟಿಗೆ ಸೂಜಿ ಹಾಕಿ ಪರೀಕ್ಷೆಯೂ ಆಯಿತು. ಆ ಸೂಜಿಪರೀಕ್ಷೆಯ ಫಲಿತಾಂಶ ಬರುವವರೆಗಿನ ಐದು ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಯಾರೂ ಬೇರೊಂದನ್ನು ಯೋಚಿಸಲೂ ಇಲ್ಲ. ಆರನೆಯ ದಿನ ವೈದ್ಯರು ಕಾಗದವನ್ನು ಓದಿ, “ಕೆಟ್ಟದ್ದೇನೂ ಕಾಣುವುದಿಲ್ಲ. ಸೋಂಕಿಗೆ ಪ್ರತಿಯಾಗಿ ಗ್ರಂಥಿ ಉಬ್ಬಿದೆ. ಏಕೆ ಇಳಿಯುತ್ತಿಲ್ಲವೆಂದು ಮಾತ್ರ ನಾನು ಹೇಳಲಾರೆ. ಮೂರು ತಿಂಗಳ ನಂತರ ಬನ್ನಿ” ಎಂದರು.

ಭಯವು ಹೋಯಿತು, ಗಂಟು ಹೋಗಲಿಲ್ಲ. ಅಂದಿನಿಂದ ಬೇರೊಂದು ಬಗೆಯ ಕಷ್ಟ ಮೊದಲಾಯಿತು. ತೀರ್ಥಕ್ಕೆ ಕೈಯೊಡ್ಡಿದವರ ದೃಷ್ಟಿಯು ಮುಖವನ್ನು ಬಿಟ್ಟು ಕುತ್ತಿಗೆಯ ಮೇಲೆ ನಿಲ್ಲುತ್ತಿತ್ತು. ಸರ್ಪದೋಷವಿರಬಹುದೆಂದರು ಕೆಲವರು, ದೃಷ್ಟಿಯೆಂದರು ಕೆಲವರು. ಒಬ್ಬ ಬಂಧುಗಳು ಜಗಲಿಯಲ್ಲಿ ಕುಳಿತು, “ರಿಪೋರ್ಟಿನಲ್ಲಿ ಏನೂ ಇಲ್ಲವಂತಲ್ಲ ಆಚಾರ್ಯರೇ, ಮತ್ತೇಕೆ ಹುಡುಗ ಮಲಗುವುದು?” ಎಂದು ನಮ್ಮ ತೀರ್ಥರೂಪರನ್ನು ಕೇಳಿದರು. ತೀರ್ಥರೂಪರು ತುಳಸಿ ಬಿಡಿಸುತ್ತಿದ್ದವರು ತಲೆಯೆತ್ತದೆ, “ರಿಪೋರ್ಟು ಗಂಟಿನದು ರಾಯರೇ, ಆಯಾಸ ಅವನದು” ಎಂದರು. ಮರುದಿನದಿಂದ ಪ್ರಾತಃಕಾಲದ ಪೂಜೆಯನ್ನು, ಎಪ್ಪತ್ತರ ವಯಸ್ಸಿನಲ್ಲಿ, ಮತ್ತೆ ತಾವೇ ವಹಿಸಿಕೊಂಡರು. ನಮಗೆ ಒಂದು ಮಾತನ್ನೂ ಹೇಳಲಿಲ್ಲ.

ಆ ಒಂದು ವಾಕ್ಯದಲ್ಲಿ ನಮ್ಮ ಸಿದ್ಧಾಂತದ ಒಂದು ದೊಡ್ಡ ಪ್ರಮೇಯವೇ ಅಡಗಿದೆ. ಪಾಠಶಾಲೆಯಲ್ಲಿ ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯನ್ನು ಓದಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಪ್ರತ್ಯಕ್ಷ, ಅನುಮಾನ, ಆಗಮಗಳೆಂದು ಪ್ರಮಾಣಗಳು ಮೂರು. ಪ್ರತ್ಯಕ್ಷದಲ್ಲಿ ಕಣ್ಣು-ಕಿವಿ ಮೊದಲಾದ ಐದು ಇಂದ್ರಿಯಗಳೂ ಮನಸ್ಸೂ ಅಲ್ಲದೆ ಸಾಕ್ಷಿ ಎಂಬುದೊಂದಿದೆ. ಅದು ಜೀವನ ಸ್ವರೂಪಕ್ಕೇ ಸೇರಿದ ಇಂದ್ರಿಯ. ಕಣ್ಣು ಹಗ್ಗವನ್ನು ಹಾವೆಂದು ತಿಳಿಯಬಹುದು, ಮನಸ್ಸು ಭ್ರಮಿಸಬಹುದು, ಆದರೆ ತನ್ನ ಸುಖವನ್ನೂ ತನ್ನ ದುಃಖವನ್ನೂ ಅನುಭವಿಸುವ ಸಾಕ್ಷಿಗೆ ಆ ವಿಷಯದಲ್ಲಿ ಭ್ರಮೆಯಿಲ್ಲ. ನನಗೆ ನೋಯುತ್ತಿದೆ ಎಂದು ಸಾಕ್ಷಿಯು ಕಂಡಮೇಲೆ ನೋವು ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿಲ್ಲ. ಜಗತ್ತು ಸತ್ಯವೆಂದು ಸಾರುವವರು ನಾವು. ಆ ಸತ್ಯಜಗತ್ತಿನೊಳಗಿನ ನೋವನ್ನು ಸುಳ್ಳೆನ್ನುವುದು ನಮಗೆ ಹೇಗೆ ಒಪ್ಪೀತು?

ಇದರಿಂದ ಮನೆಯವರಿಗೆ ಒಂದು ಕರ್ತವ್ಯ ಸಿದ್ಧವಾಗುತ್ತದೆ. ರೋಗಿಯು ಆಯಾಸವೆಂದರೆ ಆಯಾಸವಿದೆ. ಪರೀಕ್ಷೆಯ ಕಾಗದವು ಆ ಆಯಾಸವನ್ನು ಅಳೆಯಲು ಹೊರಟದ್ದಲ್ಲ. ಗಂಟಿನಲ್ಲಿ ಇಂಥಿಂಥ ರೋಗಗಳಿಲ್ಲ ಎಂಬಷ್ಟನ್ನು ಹೇಳಲು ಹೊರಟದ್ದು. ಅದು ಹೇಳದ ಮಾತನ್ನು ಅದರ ಬಾಯಲ್ಲಿ ಇಡಬಾರದು. ಕಾರಣ ತಿಳಿಯದ ವ್ಯಾಧಿಯೆಂದರೆ ಕಾರಣವಿಲ್ಲದ ವ್ಯಾಧಿಯಲ್ಲ. ಇಲ್ಲದ ವ್ಯಾಧಿಯಂತೂ ಅಲ್ಲವೇ ಅಲ್ಲ.

ಇದೇ ನ್ಯಾಯವು ರೋಗಿಗೂ ಒಂದು ಮೇರೆಯನ್ನು ಹಾಕುತ್ತದೆ. ನೋವು ಸಾಕ್ಷಿವೇದ್ಯ, ನೋವಿನ ಕಾರಣವು ಸಾಕ್ಷಿವೇದ್ಯವಲ್ಲ. ಗಂಟು ಏತರಿಂದ ಬಂದಿತೆಂಬುದು ಅನುಮಾನದಿಂದ ತಿಳಿಯಬೇಕಾದ ವಿಷಯ. ಅನುಮಾನಕ್ಕೆ ನಿರ್ದುಷ್ಟವಾದ ಹೇತು ಬೇಕು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಕೈಯು ತಾನಾಗಿ ಕುತ್ತಿಗೆಗೆ ಹೋಗಿ, ನಿನ್ನೆಗಿಂತ ದೊಡ್ಡದಾಗಿದೆಯೆಂದು ತೋರಿ, ಅರ್ಬುದವೇ ಇದೆಂದು ಮನಸ್ಸು ತೀರ್ಮಾನಿಸುತ್ತದೆಯಲ್ಲ, ಅಲ್ಲಿ ಹೇತುವಿಲ್ಲ, ಭಯವೊಂದೇ ಇದೆ. ಅದನ್ನು ಪ್ರಮಾಣವೆಂದು ಎಣಿಸಬಾರದು. ಪದೇ ಪದೇ ಒತ್ತಿ ನೋಡಿದರೆ ಗಂಟು ಇನ್ನಷ್ಟು ನೋಯುವುದೂ ಉಂಟು. ಅಂತೆಯೇ, ಎಲ್ಲರಿಗೂ ಹೀಗೆಯೇ ಆಗುತ್ತದಂತೆ, ತಾನಾಗಿ ಹೋಗುತ್ತದಂತೆ ಎಂದು ತೋರಿಸದೆ ಕೂರುವುದೂ ಹೇತುವಿಲ್ಲದ ಮಾತೇ. ಭೀತಿ ಮತ್ತು ಉಪೇಕ್ಷೆ ಇವೆರಡೂ ಒಂದೇ ದೋಷದ ಎರಡು ಮುಖಗಳು. ತಿಳಿಯದುದನ್ನು ತಿಳಿದಂತೆ ನಡೆಯುವುದೇ ಆ ದೋಷ.

ಆದುದರಿಂದ ಅನುಮಾನದ ಕೆಲಸವನ್ನು ಅದನ್ನು ಕಲಿತವರಿಗೆ ಒಪ್ಪಿಸಬೇಕು. ಸುಶ್ರುತ ಸಂಹಿತೆಯು ಕಾಶೀರಾಜನಾದ ದಿವೋದಾಸ ಧನ್ವಂತರಿಯ ಉಪದೇಶವೆಂದು ಪ್ರಸಿದ್ಧವಾಗಿದೆ. ಅದರಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಹೇಳಿದೆ. ಗಂಟುಗಳೆಲ್ಲ ಒಂದೇ ಅಲ್ಲ, ನೋಡಿ ವಿಂಗಡಿಸಬೇಕು ಎಂಬುದು ಅಷ್ಟು ಹಳೆಯ ವಿವೇಕ. ಇಂದಿನ ವೈದ್ಯರೂ ಅದನ್ನೇ ಮಾಡುತ್ತಾರೆ. ಗೃಹಸ್ಥರು ತಿಳಿದಿರಬೇಕಾದಷ್ಟನ್ನು ಇಲ್ಲಿ ಹೇಳುತ್ತೇವೆ.

ಕುತ್ತಿಗೆಯ ಗಂಟು ನಾಲ್ಕು ವಾರ ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬೆಳೆಯುತ್ತಲೇ ಹೋದರೆ, ಕಲ್ಲಿನಂತೆ ಗಟ್ಟಿಯಾಗಿದ್ದು ಬೆರಳಿಗೆ ಸರಿಯದಿದ್ದರೆ, ಕೊರಳೆಲುಬಿನ ಮೇಲ್ಭಾಗದಲ್ಲಿ ಕಾಣಿಸಿಕೊಂಡರೆ, ಜೊತೆಗೆ ಸಂಜೆಯ ಜ್ವರ, ಹಾಸಿಗೆ ನೆನೆಯುವಂತೆ ರಾತ್ರಿಯ ಬೆವರು, ಕಾರಣವಿಲ್ಲದೆ ಮೈ ಇಳಿಯುವುದು, ಧ್ವನಿ ಒಡೆದೇ ಇರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ನಾಲ್ಕು ವಾರವೂ ಕಾಯಬಾರದು. ಉಸಿರಾಟಕ್ಕೆ ಅಡ್ಡಿಯಾದರೆ, ನೀರನ್ನೂ ನುಂಗಲಾಗದಿದ್ದರೆ, ಅದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ನಮ್ಮ ದೇಶದಲ್ಲಿ ಕುತ್ತಿಗೆಯ ಗ್ರಂಥಿಗಳಿಗೆ ಕ್ಷಯ ತಗಲುವುದು ಅಪರೂಪವಲ್ಲ. ಹಿಂದಿನವರು ಗಂಡಮಾಲೆಯೆಂದು ಹೆದರುತ್ತಿದ್ದುದರಲ್ಲಿ ಬಹುಪಾಲು ಇದೇ. ಇಂದು ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಅದು ಗುಣವಾಗುತ್ತದೆ; ಸರಕಾರವು ಆ ಔಷಧವನ್ನು ಉಚಿತವಾಗಿ ಕೊಡುತ್ತದೆ. ಮುಚ್ಚಿಡುವುದಕ್ಕೆ ಯಾವ ಕಾರಣವೂ ಇಲ್ಲ. ಕುತ್ತಿಗೆಯ ಮುಂಭಾಗದಲ್ಲಿ, ಎಂಜಲು ನುಂಗಿದಾಗ ಮೇಲೆ ಕೆಳಗೆ ಸರಿಯುವ ಊತವಿದ್ದರೆ ಅದು ಥೈರಾಯ್ಡ್ ಗ್ರಂಥಿಯದಿರಬಹುದು. ವೈರಾಣುಜ್ವರದ ನಂತರ ಕೆಲವು ವಾರಗಳಿಗೆ ಆ ಗ್ರಂಥಿಯೂ ಊದಿಕೊಂಡು ನೋಯುವುದುಂಟು. ಇವನ್ನೆಲ್ಲ ಬೇರ್ಪಡಿಸುವ ಮುನ್ನ ಯಾರದೋ ಮಾತು ಕೇಳಿ ಸ್ಟಿರಾಯ್ಡ್ ಮಾತ್ರೆಗಳನ್ನು ನುಂಗಬಾರದು. ಅವು ಊತವನ್ನು ತಾತ್ಕಾಲಿಕವಾಗಿ ಇಳಿಸಿ, ಒಳಗಿರುವ ದೊಡ್ಡ ರೋಗವನ್ನು ಪರೀಕ್ಷೆಗೆ ಸಿಕ್ಕದಂತೆ ಮರೆಮಾಡಬಲ್ಲವು. ಗಂಟಿಗೆ ಬರೆ ಹಾಕುವುದು, ಬಲವಾಗಿ ತಿಕ್ಕುವುದು ಇವೂ ಸಲ್ಲ.

ಇಷ್ಟೆಲ್ಲ ಆದಮೇಲೂ ವೈದ್ಯರು “ತಿಳಿಯದು” ಎನ್ನಬಹುದು. ಆಗ ನಮಗೆ ಸಿಟ್ಟು ಬರುತ್ತದೆ. ಇನ್ನೊಬ್ಬರ ಬಳಿಗೆ, ಮತ್ತೊಬ್ಬರ ಬಳಿಗೆ ಓಡುತ್ತೇವೆ. ಎರಡನೆಯವರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಆದರೆ ತಿಳಿಯದೆಂದು ಹೇಳಿದ ವೈದ್ಯರನ್ನು ಹಳಿಯುವ ಮುನ್ನ ಒಂದು ಕ್ಷಣ ಯೋಚಿಸಬೇಕು. ಸರ್ವಜ್ಞನು ಶ್ರೀಹರಿಯೊಬ್ಬನೇ, ಜೀವರೆಲ್ಲರೂ ಅಲ್ಪಜ್ಞರು ಎಂದು ನಾವು ದಿನವೂ ಹೇಳುತ್ತೇವೆ. ವೈದ್ಯರೂ ಜೀವರೇ. ತಮ್ಮ ಜ್ಞಾನದ ಮೇರೆಯನ್ನು ಒಪ್ಪಿಕೊಂಡು ಮೂರು ತಿಂಗಳಿಗೆ ಬನ್ನಿ ಎಂದವರು, ಒಂದೇ ವಾರದಲ್ಲಿ ಕರಗಿಸುತ್ತೇನೆಂದು ಹಣ ಕೇಳುವವರಿಗಿಂತ ಸಾವಿರಪಾಲು ಮೇಲು. ಆ ಮೂರು ತಿಂಗಳ ಗಡುವನ್ನು ತಪ್ಪಿಸದೆ ಮತ್ತೆ ಹೋಗಿ ತೋರಿಸುವುದು ರೋಗಿಯ ಪಾಲಿನ ವ್ರತ.

ಇನ್ನು ಯಾವ ಪಾಪದಿಂದ ಹೀಗಾಯಿತು ಎಂಬ ಪ್ರಶ್ನೆ. ಕರ್ಮಫಲವನ್ನು ನಾವು ಅಲ್ಲಗಳೆಯುವವರಲ್ಲ. ಪ್ರಾರಬ್ಧವನ್ನು ಅನುಭವಿಸಿಯೇ ಕಳೆಯಬೇಕೆಂಬುದು ಶಾಸ್ತ್ರಸಿದ್ಧ. ಆದರೆ ಅನಾದಿಯಾದ ಕರ್ಮಪ್ರವಾಹದಲ್ಲಿ ಯಾವ ಕರ್ಮವು ಯಾವ ಫಲವಾಗಿ ಬಂದಿದೆಯೆಂದು ಬಲ್ಲವರು ಯಾರು? ಅದನ್ನು ಬಲ್ಲವನೂ ಆ ಸರ್ವಜ್ಞನೇ. ಪಕ್ಕದ ಮನೆಯ ಸೊಸೆಯ ಕುತ್ತಿಗೆಯನ್ನು ನೋಡಿ ಇದು ಇಂಥ ಪಾಪದ ಫಲವೆಂದು ಹೇಳುವವರು ಭಗವಂತನಿಗೆ ಮಾತ್ರ ಸಲ್ಲುವ ಜ್ಞಾನವನ್ನು ತಮ್ಮದೆನ್ನುತ್ತಿದ್ದಾರೆ. ಇದಕ್ಕಿಂತ ದೊಡ್ಡ ಅಪಚಾರ ಯಾವುದಿದೆ?

ಇಲ್ಲಿ ಕೆಲವರು ಶ್ರೀ ಜಗನ್ನಾಥದಾಸರ ಚರಿತ್ರೆಯನ್ನು ಎದುರಿಗಿಡುತ್ತಾರೆ. ಮಾನವಿಯ ಮಹಾಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಶ್ರೀ ವಿಜಯದಾಸರ ಆಮಂತ್ರಣವನ್ನು ಅನಾದರಿಸಿದರೆಂದೂ, ಅದರಿಂದ ಅವರಿಗೆ ಪ್ರಾಣಾಂತಿಕವಾದ ಉದರಶೂಲೆ ಬಂದಿತೆಂದೂ ಐತಿಹ್ಯ. ನೋಡಿ, ರೋಗವೆಂದರೆ ಅಪರಾಧದ ಫಲವೇ ಅಲ್ಲವೇ ಎನ್ನುತ್ತಾರೆ. ಆ ಚರಿತ್ರೆಯನ್ನು ಪೂರ್ತಿಯಾಗಿ ನೆನೆಯಬೇಕೆಂದು ನಮ್ಮ ಪ್ರಾರ್ಥನೆ. ಒಬ್ಬರ ವಿಷಯದಲ್ಲಿ ಹಾಗಾಯಿತೆಂದು ಮಹಾತ್ಮರ ಚರಿತ್ರೆ ಹೇಳಿದರೆ, ಹೊಟ್ಟೆನೋವು ಬಂದವರೆಲ್ಲರೂ ಅಪರಾಧಿಗಳೆಂಬ ವ್ಯಾಪ್ತಿಯು ಅದರಿಂದ ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಮುಂದಿನ ಭಾಗ. ನೊಂದು ಬಂದ ಆಚಾರ್ಯರನ್ನು ವಿಜಯದಾಸರು ಹಂಗಿಸಲಿಲ್ಲ. ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿಕೊಟ್ಟರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿಯೇ ನಲವತ್ತು ವರ್ಷಗಳನ್ನು ಅವರಿಗೆ ದಾನಮಾಡಿದರೆಂದು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ. ಆ ದಾನದ ಫಲವಾಗಿಯೇ ಇಂದು ನಮ್ಮ ಕೈಯಲ್ಲಿ ಹರಿಕಥಾಮೃತಸಾರವಿದೆ. ರೋಗಿಯ ಮುಂದೆ ನಿಂತಾಗ ನಾವು ಅನುಸರಿಸಬೇಕಾದದ್ದು ಗೋಪಾಲದಾಸರನ್ನು. ಆಯುಷ್ಯವನ್ನು ಕೊಡುವ ಶಕ್ತಿ ನಮಗಿಲ್ಲ. ಅವರ ಪಾಲಿನ ನೀರನ್ನು ಸೇದಿಕೊಡುವ ಶಕ್ತಿಯಿದೆ, ಅವರ ಪಾಲಿನ ಪಾತ್ರೆಗಳನ್ನು ಬೆಳಗಿಕೊಡುವ ಶಕ್ತಿಯಿದೆ, ಮಧ್ಯಾಹ್ನ ಒಂದು ಗಂಟೆಯ ಹೊತ್ತು ಮನೆಯನ್ನು ಸದ್ದಿಲ್ಲದಂತೆ ಇಡುವ ಶಕ್ತಿಯಿದೆ. ಅದೂ ಆಯುರ್ದಾನವೇ.

ವಿಶೇಷವಾಗಿ ಗೃಹಿಣಿಯರ ವಿಷಯವನ್ನು ಹೇಳಬೇಕು. ನಮ್ಮ ಮನೆಗಳಲ್ಲಿ ಮಡಿಯ ಅಡುಗೆ, ನೈವೇದ್ಯ, ಹಬ್ಬ-ಹುಣ್ಣಿಮೆಗಳ ಕೆಲಸವು ಅವರ ಮೇಲೆಯೇ ಇರುತ್ತದೆ. ಜ್ವರ ಬಿಟ್ಟ ಮೇಲೆ ಎದ್ದು ಓಡಾಡಿದರೆ ಸರಿಹೋಗುತ್ತದೆಯೆಂದು ಹಿರಿಯರು ಹೇಳುವುದುಂಟು. ಅನೇಕ ರೋಗಗಳಲ್ಲಿ ಅದು ನಿಜವೂ ಹೌದು. ಆದರೆ ವೈರಾಣುಜ್ವರದ ಈ ಶೇಷರೋಗದಲ್ಲಿ ಅನೇಕರಿಗೆ ಶ್ರಮದ ಪರಿಣಾಮವು ಅಂದೇ ಕಾಣುವುದಿಲ್ಲ. ಒಂದು ದಿನವೋ ಎರಡು ದಿನವೋ ಕಳೆದು ಬಂದು ಮಲಗಿಸಿಬಿಡುತ್ತದೆ. ಗಂಟುಗಳೂ ಆಗ ಮತ್ತೆ ನೋಯುತ್ತವೆ. ಇದನ್ನು ಕಂಡುಕೊಂಡೇ ಇಂಗ್ಲೆಂಡಿನಲ್ಲಿ ವೈದ್ಯರಿಗೆ ಮಾರ್ಗಸೂಚಿಯನ್ನು ನೀಡುವ ರಾಷ್ಟ್ರೀಯ ಸಂಸ್ಥೆಯು, ಇಂತಹ ದೀರ್ಘ ಆಯಾಸದ ರೋಗಿಗಳಿಗೆ ವ್ಯಾಯಾಮವನ್ನು ದಿನದಿನಕ್ಕೆ ನಿಗದಿಯಾಗಿ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು 2021ರಲ್ಲಿ ಕೈಬಿಟ್ಟಿತು. ಶಕ್ತಿಯಿದ್ದಷ್ಟರೊಳಗೇ ಕೆಲಸ, ಬಳಲುವ ಮೊದಲೇ ವಿಶ್ರಾಂತಿ ಎಂಬುದು ಈಗಿನ ಕ್ರಮ. ಕೈಯಲ್ಲಿರುವ ಸೇರಕ್ಕಿಯನ್ನು ವಾರವೆಲ್ಲ ಉಣ್ಣಬೇಕಾದ ಮನೆಯಂತೆ ಶಕ್ತಿಯನ್ನು ಅಳೆದು ಬಳಸಬೇಕು. ಸ್ವಲ್ಪ ಚೆನ್ನಾಗಿರುವ ದಿನ ಎಲ್ಲ ಕೆಲಸವನ್ನೂ ಮುಗಿಸಿಬಿಡುತ್ತೇನೆಂದು ಹೊರಡುವುದೇ ಮುಂದಿನ ನಾಲ್ಕು ದಿನಗಳ ಸಾಲವಾಗುತ್ತದೆ.

ಹಾಗಾದರೆ ಏಕಾದಶಿಯೇನು, ಚಾತುರ್ಮಾಸ್ಯವೇನು ಎಂದು ಕೇಳುವಿರಿ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಮಹಿಮೆಯನ್ನು ಎಷ್ಟು ದೃಢವಾಗಿ ಹೇಳಿದ್ದಾರೆಂಬುದು ನಿಮಗೆ ತಿಳಿದೇ ಇದೆ. ಆ ದಾರ್ಢ್ಯವನ್ನು ಸಡಿಲಿಸಲು ನಾವು ಯಾರು? ಆದರೆ ಬಾಲರು, ವೃದ್ಧರು, ಆತುರರು ಎಂದರೆ ರೋಗಿಗಳು, ಇವರ ಅಶಕ್ತಿಯನ್ನು ಧರ್ಮಶಾಸ್ತ್ರವೇ ಗಣನೆಗೆ ತೆಗೆದುಕೊಂಡಿದೆ. ಔಷಧಸೇವನೆಯಿಂದ ವ್ರತಕ್ಕೆ ಭಂಗವಿಲ್ಲವೆಂಬುದೂ ಶಾಸ್ತ್ರಸಮ್ಮತವೇ. ಕ್ಷೀರವ್ರತದ ತಿಂಗಳಲ್ಲಿ ವೈದ್ಯರು ಹಾಲು ಕುಡಿಯಿರೆಂದಾಗ, ದ್ವಿದಳವ್ರತದ ತಿಂಗಳಲ್ಲಿ ಬೇಳೆ-ಕಾಳು ತಿನ್ನಿರೆಂದಾಗ, ಮನಸ್ಸಿನಲ್ಲೇ ಕೊರಗುತ್ತ ಎರಡನ್ನೂ ಕೆಡಿಸಿಕೊಳ್ಳಬಾರದು. ತಮ್ಮ ಮಠದ ಗುರುಗಳನ್ನೋ ಶಾಸ್ತ್ರಜ್ಞರಾದ ಹಿರಿಯರನ್ನೋ ಕಂಡು, ರೋಗದ ಸ್ಥಿತಿಯನ್ನು ಮುಚ್ಚಿಡದೆ ಹೇಳಿ, ಅವರ ಅನುಜ್ಞೆಯಂತೆ ನಡೆಯಬೇಕು. ಗುರುಗಳ ಅನುಜ್ಞೆಯಿಂದ ಕುಡಿದ ಒಂದು ಲೋಟ ಹಾಲು, ಹಠದಿಂದ ಮಾಡಿ ಮೂರ್ಛೆಬಿದ್ದ ಉಪವಾಸಕ್ಕಿಂತ ಕೀಳೆಂದು ಭಾವಿಸಬೇಕಾಗಿಲ್ಲ.

ಮೈಯಿಂದ ಮಾಡುವ ಸೇವೆ ನಿಂತರೆ ಎಲ್ಲವೂ ನಿಂತಿತೆಂಬ ಕೊರಗು ರೋಗಿಗಳಲ್ಲಿ ದೊಡ್ಡದು. ನಮಗೂ ಅದೇ ಕೊರಗಿತ್ತು. ಪ್ರದಕ್ಷಿಣೆಯಿಲ್ಲ, ನೂರೆಂಟು ನಮಸ್ಕಾರವಿಲ್ಲ, ಸ್ವರವೆತ್ತಿ ಮಂತ್ರವಿಲ್ಲ. ಆದರೆ ಮುಖ್ಯಪ್ರಾಣದೇವರು ಪ್ರತಿಯೊಂದು ಜೀವಿಯ ದೇಹದಲ್ಲಿಯೂ ನಿಂತು ಹಗಲು-ರಾತ್ರಿ ಸೇರಿ 21,600 ಶ್ವಾಸಗಳ ಮೂಲಕ ಹಂಸಮಂತ್ರದ ಜಪವನ್ನು ನಡೆಸುತ್ತಾರೆಂಬುದನ್ನು ಬಾಲ್ಯದಿಂದ ಕೇಳಿದವರು ನಾವು. ಆರೋಗ್ಯವಂತನ ದೇಹದಲ್ಲಿ ಮಾತ್ರ ಅವರು ಜಪಿಸುತ್ತಾರೆಂದು ಯಾರೂ ಹೇಳಲಿಲ್ಲ. ಚಾಪೆಯ ಮೇಲೆ ಬಿದ್ದವನ ದೇಹದಲ್ಲಿಯೂ, ನಿದ್ರಿಸುವವನ ದೇಹದಲ್ಲಿಯೂ, ಉಬ್ಬಿದ ಗಂಟನ್ನು ಹಾದುಹೋಗುವ ಅದೇ ಉಸಿರಿನಲ್ಲಿ ಆ ಸೇವೆ ತಪ್ಪದೆ ನಡೆದಿದೆ. ಅದನ್ನು ಅರಿತು ನೆನೆಯುವುದಷ್ಟೇ ನಮ್ಮ ಪಾಲಿನ ಕೆಲಸ. ಅದಕ್ಕೆ ಎದ್ದು ಕೂರುವ ಶಕ್ತಿಯೂ ಬೇಕಾಗಿಲ್ಲ. ಮಾನಸಪೂಜೆಯನ್ನು ಶಾಸ್ತ್ರಗಳು ಹೊಗಳಿರುವುದು ಸುಮ್ಮನಲ್ಲ. ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯವನ್ನು ಹೇಳಿಕೊಂಡು ಮಾತ್ರೆಯನ್ನು ನುಂಗಿದರೆ, ಮಾತ್ರೆಯ ಶಕ್ತಿಯೂ ಆ ಸ್ವಾಮಿಯ ಅಧೀನವೆಂಬ ಎಚ್ಚರ ಉಳಿಯುತ್ತದೆ. ನಾಮವಿದೆಯೆಂದು ಮಾತ್ರೆಯನ್ನು ಬಿಡುವುದೂ, ಮಾತ್ರೆಯಿದೆಯೆಂದು ನಾಮವನ್ನು ಬಿಡುವುದೂ ಧನ್ವಂತರಿಯನ್ನು ಅರ್ಧಮಾತ್ರ ಅರಿತವರ ನಡತೆ.

ನಮ್ಮ ಗಂಟುಗಳಲ್ಲಿ ಒಂದು ಎರಡನೆಯ ವರ್ಷದಲ್ಲಿ ತಾನಾಗಿ ಕರಗಿತು. ಇನ್ನೊಂದು ಚಿಕ್ಕದಾಗಿ ಉಳಿದಿದೆ. ರಥೋತ್ಸವದ ಮರುದಿನ ಅದು ತಲೆಯೆತ್ತುತ್ತದೆ. ಏಕೆಂದು ಇಂದಿಗೂ ಯಾರೂ ಹೇಳಿಲ್ಲ. ಆಗಾಗ ತೋರಿಸಿಕೊಂಡು ಬರುತ್ತೇವೆ, ಮಿಕ್ಕ ದಿನಗಳಲ್ಲಿ ಅದರೊಡನೆ ಇರುತ್ತೇವೆ. ನಮಗಿಂತ ಬೇಗ ಗುಣವಾದವರನ್ನು ಕಂಡಿದ್ದೇವೆ; ನಮಗಿಂತ ಹೆಚ್ಚು ಕಾಲ ಹಾಸಿಗೆ ಹಿಡಿದವರನ್ನೂ ಕಂಡಿದ್ದೇವೆ. ಎಲ್ಲರಿಗೂ ಒಂದೇ ಗಡುವನ್ನು ಹೇಳುವ ಧೈರ್ಯ ನಮಗಿಲ್ಲ.

ಹೇಳಬಹುದಾದದ್ದು ಇಷ್ಟು. ಸಮುದ್ರಮಥನದಲ್ಲಿ ಮಂದರಪರ್ವತವು ಕುಸಿಯುತ್ತ ಹೋದಾಗ, ಅದನ್ನು ಕೆಳಗಿನಿಂದ ಎತ್ತಿ ಹಿಡಿದ ಕೂರ್ಮರೂಪಿಯೂ, ಕೊನೆಯಲ್ಲಿ ಕಲಶ ಹಿಡಿದು ಬಂದ ಧನ್ವಂತರಿರೂಪಿಯೂ ಒಬ್ಬನೇ ಶ್ರೀಹರಿ. ಅವನ ರೂಪಗಳಲ್ಲಿ ಭೇದವಿಲ್ಲವೆಂಬುದು ನಮ್ಮ ಸಿದ್ಧಾಂತ. ಆದುದರಿಂದ ಅಮೃತ ಬಂದ ದಿನ ಮಾತ್ರ ಅವನು ಬಂದನೆಂದು ತಿಳಿಯುವುದು ಸರಿಯಲ್ಲ. ಬರದ ದಿನಗಳಲ್ಲೆಲ್ಲ ಕೆಳಗೆ ನಿಂತು ಭಾರವನ್ನು ಹೊತ್ತವನೂ ಅವನೇ. ಗುಣವಾಗುವ ದಿನಕ್ಕಾಗಿ ಕಾಯುತ್ತಿರುವವರ ಬೆನ್ನಿಗೂ ಅವನೇ ಆಧಾರ.

ಈ ತ್ರಯೋದಶಿಯಂದು ದೀಪ ಹಚ್ಚುವಾಗ, ನಿಮ್ಮ ಬೀದಿಯಲ್ಲಿ ತಿಂಗಳುಗಟ್ಟಲೆ ಹೊರಗೆ ಕಾಣದ ಒಬ್ಬರಿದ್ದರೆ ಅವರನ್ನು ನೆನೆಯಿರಿ. ಪ್ರಸಾದವನ್ನು ಅವರ ಮನೆಗೆ ಒಯ್ದು ಕೊಡಿರಿ. ಹೇಗಿದ್ದೀರೆಂದು ಕೇಳಿ, ಅವರು ಹೇಳಿದುದನ್ನು ಹೇಳಿದಂತೆಯೇ ನಂಬಿರಿ. ಶ್ರೀ ಮುಖ್ಯಪ್ರಾಣಾಂತರ್ಗತ ಶ್ರೀ ಧನ್ವಂತರಿಯು ಎಲ್ಲ ರೋಗಿಗಳಿಗೂ ಆರೋಗ್ಯವನ್ನೂ, ಆರೋಗ್ಯವು ತಡವಾದವರಿಗೆ ಧೈರ್ಯವನ್ನೂ, ಅವರ ಮನೆಯವರಿಗೆ ಸಹನೆಯನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

|| ಶ್ರೀ ಕೃಷ್ಣಾರ್ಪಣಮಸ್ತು ||